ಪೇಪರಿನಲ್ಲಿ ಬರುವವರೆಗೆ

ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಒಂದೇ ಕನ್ನಡ ಪೇಪರು ಎರಡು ಮನೆಗೆ ಸಾಕಾಗುತ್ತಿತ್ತು. ಎದುರು ಬಾಗಿಲಿನ ಗೆಳತಿಯೂ ನನ್ನ ಹಾಗೆ ಉಡುಪಿ ಕಡೆಯವಳು. ಮೊದಲು ಅವಳು ಓದಬೇಕು, ಆಮೇಲೆ ನಾನು. ಇಬ್ಬರೂ ಮೊದಲು ತೆರೆಯುತ್ತಿದ್ದುದು ನಿಧನದ ಪುಟ. "ಇವತ್ತು ನಮ್ಮವರು ಯಾರೂ ಇಲ್ಲ ಮಾರಾಯ್ತಿ, ಚಾ ಕುಡಿ," ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದ ಮೇಲೆಯೇ ನನಗೆ ಬೆಳಗಾಗುವುದು.

ಆಮೇಲೆ ಅವಳೂ ಮನೆಯವರೂ ಮನೆ ಬದಲಿಸಿ ದಾದರಿಗೆ ಹೋದರು. ಅವರ ಪರಿಚಯಕ್ಕೆಂದು ಬರುತ್ತಿದ್ದ ಪೇಪರಿನವನು ಆ ಒಂದು ಪ್ರತಿಗಾಗಿ ಇನ್ನು ನಮ್ಮ ಗಲ್ಲಿಗೆ ಬರಲು ಒಪ್ಪಲಿಲ್ಲ. ಸೊಸೆ ನನ್ನ ಕೈಗೆ ಫೋನ್ ಕೊಟ್ಟಳು. ಒಂದು ದಿನ ಅದರಲ್ಲಿ ಯಾರದೋ ನಿಧನದ ಫೋಟೊ ನೋಡುತ್ತಾ ಕುಳಿತದ್ದೇ ತಪ್ಪಾಯಿತು. ಮರುದಿನದಿಂದ ಆ ಸುಡುಗಾಡು ಬರೀ ಸಾವನ್ನೇ ತಂದು ಸುರಿಯತೊಡಗಿತು. "ನೀವು ನೋಡಿದ್ದನ್ನೇ ಅದು ಮತ್ತೆ ತೋರಿಸ್ತದೆ ಅತ್ತೆ," ಎಂದಳು ಸೊಸೆ.

ಹಾಗೆ ಬಂದ ಒಂದು ಸುದ್ದಿಯಲ್ಲಿ, ಸಂಬಂಧದಲ್ಲಿ ನನಗೆ ಮಾವನಾಗಬೇಕಾದ ಯಕ್ಷಗಾನದ ಭಾಗವತರು ತೀರಿಕೊಂಡಿದ್ದರು. ಯಾರನ್ನೂ ಕೇಳುವ ತಾಳ್ಮೆಯಿಲ್ಲದೆ ಅಳುತ್ತಾ ತಲೆಗೆ ಮಿಂದೆ, ಸೂತಕವೆಂದು ದೇವರ ದೀಪವನ್ನೂ ಹಚ್ಚಲಿಲ್ಲ. ಮೂರನೆಯ ದಿನ ಭಾಗವತರೇ ಫೋನ್ ಮಾಡಿ, ದಾದರಿನಲ್ಲಿ ಆಟ ಉಂಟು, ಬಾ ಎಂದರು!

ಫೋನಿನಲ್ಲಿ ಇದನ್ನು ಕೇಳಿ ಗೆಳತಿ ನಕ್ಕು ನಕ್ಕು ಸುಸ್ತಾದಳು. "ಬದುಕಿದವರಿಗೆ ಮಿಂದದ್ದಾ ನೀನು! ಇನ್ನು ಮೇಲೆ ಪೇಪರಿನಲ್ಲಿ ಬಾರದೆ ಯಾರೂ ಸಾಯ್ಲಿಕ್ಕಿಲ್ಲ, ಗೊತ್ತುಂಟಾ? ಇಲ್ಲಿ ಪೇಪರು ಬರ್ತದೆ, ನಂಗೆ ಫೋನ್ ಮಾಡು, ನಾನು ನೋಡಿ ಹೇಳ್ತೇನೆ."

ಆಯಿತು ಎಂದು ಮಾತು ಕೊಟ್ಟೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಫೋನಿನಲ್ಲಿ ಅವಳದೇ ಫೋಟೊ, ಸುತ್ತ ಹೂವು. ಮಧ್ಯಾಹ್ನ ಎರಡಕ್ಕೆ ಅಂತ್ಯಕ್ರಿಯೆ ಅಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳಿಗೇ ಫೋನ್ ಮಾಡಿದೆ, ಎತ್ತಲಿಲ್ಲ. ಆ ಹೊತ್ತಿಗೆ ಅವಳು ಪೂಜೆಗೆ ಕೂರುವವಳು. "ನಿನ್ನ ಬಾಯಿಗೆ ಮಣ್ಣು ಬೀಳಲಿ," ಎಂದು ಫೋನಿಗೆ ಬೈದು, ಅದನ್ನು ದಿಂಬಿನಡಿ ತುರುಕಿ, ದೋಸೆಗೆ ಅಕ್ಕಿ ಕಡೆಯಲು ಹೋದೆ.

ಮರುದಿನವೂ ಅವಳು ಫೋನ್ ಎತ್ತದಿದ್ದಾಗ ಮನಸ್ಸು ತಡೆಯದೆ ಲೋಕಲ್ ಹಿಡಿದು ದಾದರಿಗೆ ಹೋದೆ. ಸ್ಟೇಷನ್ನಿನ ಹೊರಗೆ ನಮ್ಮ ಹಳೆಯ ಪೇಪರು ಸಿಕ್ಕಿತು. ನಿಂತಲ್ಲೇ ಆ ಪುಟ ತೆರೆದೆ. ಅದೇ ಫೋಟೊ. ಅಂತ್ಯಕ್ರಿಯೆ ನಿನ್ನೆಯೇ ಮುಗಿದಿತ್ತು.

ಹಾಳಾದ ಫೋನು ಅದೊಂದು ಸಲ ನಿಜ ಹೇಳಿತ್ತು, ಆ ಹೊತ್ತಿನಲ್ಲಿ ನಾನು ಅಕ್ಕಿ ಕಡೆಯುತ್ತಿದ್ದೆ. ಈಗಲೂ ಬೆಳಿಗ್ಗೆ ಎದುರು ಬಾಗಿಲಿನ ಸದ್ದಾದರೆ ಕಿವಿ ಅಲ್ಲಿಗೇ ಹೋಗುತ್ತದೆ. ಯಾರೂ ಇಲ್ಲ, ಚಾ ಕುಡಿ ಎಂದು ಅವಳು ಹೇಳಲಿ ಎಂದು ಲೋಟ ಹಿಡಿದುಕೊಂಡು ಕೂತಿರುತ್ತೇನೆ. ಚಾ ಆರಿ ಹೋಗುತ್ತದೆ.