ಹಿತ್ತಲಿನ ನೀಲಿ ಹೂ

ಇರಾ, ವಿಹಾನ್, ನೀವು ಮುಂದೆ ಎಂದಾದರೂ ಕನ್ನಡ ಓದಲು ಕಲಿತರೆ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಈ ಏಪ್ರಿಲ್‌ನಲ್ಲಿ ಹಿತ್ತಲಿನ ನೀಲಿ ಹೂಗಿಡಗಳನ್ನು ಕಿತ್ತ ಮೇಲೆ ಅವುಗಳ ಲೋಳೆರಸದ ಹಸಿ ವಾಸನೆ ಎರಡು ದಿನ ನನ್ನ ಕೈಯಲ್ಲೇ ಇತ್ತು. ನನ್ನ ಸೋದರತ್ತೆಯ, ಅಂದರೆ ನನ್ನಪ್ಪನ ಅಕ್ಕನ, ಬೆರಳುಗಳೂ ಹೀಗೇ ಹಸಿ ತೊಟ್ಟಿನ ವಾಸನೆ ಹೊಡೆಯುತ್ತಿದ್ದವು. ಧಾರವಾಡದ ಆಚೆ ನಮ್ಮ ಹಳ್ಳಿಮನೆಯಲ್ಲಿ ಪೂಜೆಯ ಹೂವು ಆರಿಸುವುದು ಅವಳ ಕೆಲಸ. ಕಣ್ಣು ಮಂಜಾಗಿತ್ತು, ದೇವರ ಹೂವನ್ನು ಮೂಸುವಂತಿರಲಿಲ್ಲ. ಹಾಗಾಗಿ ತೊಟ್ಟನ್ನು ಬೆರಳಲ್ಲಿ ಉರುಳಿಸಿಯೇ ಜವಾರಿ ಸೇವಂತಿಗೆ ಯಾವುದು, ಪೇಟೆಯಿಂದ ತಂದ ಸಸಿಯದು ಯಾವುದು ಎಂದು ಹೇಳುತ್ತಿದ್ದಳು. ಜವಾರಿ ದೇವರಿಗೆ, ಪೇಟೆಯದು ನನ್ನ ಜಡೆಗೆ. ಅವಳ ಪಕ್ಕ ಕೂತು ನನ್ನ ಬೆರಳೂ ಅದನ್ನು ಕಲಿಯಿತು. ಒಮ್ಮೆ ನಾನೇ ನೆಟ್ಟ ಪೇಟೆಯ ಗಿಡದ ಮೊದಲ ಹೂವನ್ನು ಕೊಟ್ಟು, "ಇದು ಜವಾರಿನ ಐತಿ, ಅತ್ತಿ" ಅಂದೆ. ಅವಳು ತೊಟ್ಟನ್ನು ಬಹಳ ಹೊತ್ತು ಉರುಳಿಸಿದಳು. "ಆತು ತಗೋ, ಸುಳ್ಳಬುರುಕಿ" ಎಂದು ದೇವರ ಮುಂದೆ ಇಟ್ಟಳು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಅವಳು ಅದಕ್ಕೂ ಮೊದಲೇ ಹೋಗಿದ್ದಳು.

ನಾವು ಕಡಲಾಚೆಯ ಈ ಕೊಲಂಬಿಯಾ ಪಟ್ಟಣಕ್ಕೆ ಬಂದ ಮೇಲೆ ನಿಮ್ಮ ಅಜ್ಜ ನದಿಯ ದಂಡೆಯಲ್ಲಿ ವಾಕಿಂಗ್ ಹೋಗುವಾಗ ಬ್ಲೂಬೆಲ್ ಹೂಗಳನ್ನು ಕಂಡು ಮರುಳಾದರು. ಅಂಗಡಿಯಲ್ಲಿ ಅದೇ ಹೆಸರು ಬರೆದಿದ್ದ ಗಡ್ಡೆಗಳನ್ನು ತಂದು ಹಿತ್ತಲಲ್ಲಿ ಊರಿದರು. ಹೂ ಬಿಟ್ಟ ದಿನ ಕೂಗಿದರು: "ಬಾ ಇಲ್ಲೆ. ನದಿ ಹೂವು ನಮ್ಮ ಹಿತ್ತಲಕ್ಕ ಬಂದಾವ ನೋಡು." ನಾನು ಮುಟ್ಟಿ ನೋಡಿದೆ. ನದಿಯದರ ಎಲೆ ಅಗಲ, ಮೆತ್ತಗೆ. ಮೊಗ್ಗು ಗುಲಾಬಿ, ಅರಳಿದ ಮೇಲೆ ನೀಲಿ. ಇವುಗಳ ಎಲೆ ಬೆಳ್ಳುಳ್ಳಿ ಗಿಡದ ಹಾಗೆ ಪಟ್ಟಿ ಪಟ್ಟಿ, ದಂಟು ದಪ್ಪ, ಗಂಟೆಯಂಥ ಹೂವಿನ ತುದಿ ಹೊರಗೆ ಸುರುಳಿ. ಜಾತಿಯೇ ಬೇರೆ. ಅವರು ಆಗಲೇ ಫೋಟೊ ತೆಗೆದು ಊರಿನವರಿಗೆಲ್ಲ ಕಳಿಸುತ್ತಿದ್ದರು. "ಹೌದ್ರಿ, ನದಿ ಹೂವ ಅದಾವು" ಅಂದೆ. ಮರುವರ್ಷ ಹೂ ಬಿಡುವಾಗ ಅವರಿರಲಿಲ್ಲ.

ಇರಾ, ಶಾಲೆಯವರ ಜೊತೆ ಹಳ್ಳದ ದಂಡೆಯ ಕಳೆ ಕೀಳಲು ಹೋಗಿದ್ದ ನೀನು ಬಂದು ಬಾಗಿಲಲ್ಲೇ ನಿಂತೆ. "ಅಜ್ಜಿ, ನಮ್ಮ ಯಾರ್ಡ್‌ದು ಬ್ಲೂಬೆಲ್ ಕ್ರೀಕ್‌ಗೆ ಹೋಗ್ತಾ ಇದೆ. ಅದು ಸ್ಪ್ಯಾನಿಷ್, ಹೈಬ್ರಿಡ್ ಇರಬಹುದು. ನೇಟಿವ್ ಅಲ್ಲ. ತೆಗೀಬೇಕು. ಬಟ್ ಅಜ್ಜ ಹಾಕಿದ್ದು ಅಲ್ವಾ?"

"ಅಜ್ಜಂಗೆ ಗೊತ್ತಿತ್ತಾ?" ಅಂದ ವಿಹಾನ್.

"ಇಲ್ಲಪ್ಪಾ."

"ನಿಂಗೆ?"

ನಾನು ಸಲಿಕೆ ತರಲು ಒಳಗೆ ಹೋದೆ. ಮೂವರೂ ಸಂಜೆಯವರೆಗೆ ಅಗೆದೆವು. ಗಡ್ಡೆಗಳು ಬಹಳ ಆಳಕ್ಕೆ ಇಳಿದಿದ್ದವು. ಅಳು ಬರಲಿಲ್ಲ, ಏನೂ ಅನ್ನಿಸಲಿಲ್ಲ. ಬುಟ್ಟಿ ತುಂಬಿತು, ಸುರಿದೆ, ಮತ್ತೆ ತುಂಬಿತು.

ವಿಹಾನ್, ನನಗೆ ಗೊತ್ತಿತ್ತು. ಆಮೇಲೆ ಯಾವಾಗಲಾದರೂ ಅಜ್ಜನಿಗೆ ಹೇಳಿದರಾಯಿತು ಅಂದುಕೊಂಡಿದ್ದೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ಬಾರದ್ದನ್ನು ಬರೆದಿದ್ದೇನೆ. ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.