ಕಾಲುವೆಯಿಂದ ತುಂಬಿದ ಎರಡು ಬಾಟಲಿ

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲು ಮೈ ಉರಿಯುತ್ತಿತ್ತು. ದೆವ್ವ ಕಂಡಿತಂತೆ, ದೇವರು ಮೈಮೇಲೆ ಬಂತಂತೆ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ನನ್ನ ಸಿಟ್ಟನ್ನಾದರೂ ನಂಬಿ, ಅದು ಇನ್ನೂ ಆರಿಲ್ಲ.

ಅದಿರಿನ ಭರಾಟೆಯ ಕಾಲ. ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ಅಂಟಿಕೊಂಡೇ ಹೋಗುತ್ತಿದ್ದವು. ಮರ, ಮನೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಅಷ್ಟೂ ಲಾರಿಗೆ ಡೀಸೆಲ್ ಬೇಕಲ್ಲ, ಬಂಕುಗಳು ನಾಯಿಕೊಡೆಗಳಂತೆ ಎದ್ದವು. ಅಂಥ ಒಂದು ಬಂಕಿನ ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು ಸೋರುತ್ತಿತ್ತು. ಮಾಲೀಕನಿಗೆ ಗೊತ್ತಿತ್ತು. ಟ್ಯಾಂಕು ಎತ್ತಬೇಕೆಂದರೆ ಬಂಕು ಮುಚ್ಚಬೇಕು. ಬಾಗಿಲಲ್ಲಿ ಅಷ್ಟು ಲಾರಿ ನಿಂತಿರುವಾಗ ಮುಚ್ಚುವ ಮನಸ್ಸು ಅವನಿಗೆಲ್ಲಿ ಬರಬೇಕು!

ಬಂಕಿನ ಹಿಂದೆಯೇ ಹುಲಿಗೆಮ್ಮನ ಮನೆ, ಅಂಗಳದಲ್ಲಿ ಬಾವಿ. ಗಂಡ ತೋರಣಗಲ್ಲಿನಲ್ಲಿ ಗುತ್ತಿಗೆ ಕೂಲಿ, ಮನೆಯಲ್ಲಿ ಇಬ್ಬರು ಸಣ್ಣ ಹೆಣ್ಣುಮಕ್ಕಳು. ನೀರು ವಾಸನೆ ಬರುತ್ತಿದೆ ಎಂದು ಆಕೆ ಹೇಳಿದರೆ ಮಾಲೀಕ, “ನಿನ್ನ ಮೂಗಿಗೇ ಏನೋ ಆಗೇತಿ, ಹೋಗು” ಎಂದನಂತೆ. ಆಕೆ ಒಂದು ಕೊಡ ನೀರು ಹೊತ್ತು ಬಸ್ಸು ಹತ್ತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯ ಮೇಜಿನ ಮೇಲೇ ಇಟ್ಟಳು. ಆಮೇಲೆ ಆದೇಶ ಬಂತು. ಕೆಟ್ಟ ಮಣ್ಣು ತೆಗೆಯಬೇಕು, ನೆಲದ ನೀರು ಶುದ್ಧ ಮಾಡಬೇಕು, ಬಾವಿ ಸರಿಹೋಗುವ ತನಕ ಆ ಮನೆಗೆ ದಿನಾ ಟ್ಯಾಂಕರಿನಲ್ಲಿ ನೀರು ಕೊಡಬೇಕು.

ಆ ಕೆಲಸ ಹಿಡಿದ ಗುತ್ತಿಗೆದಾರನ ಕೈಕೆಳಗೆ ನಾನು ಮೇಲ್ವಿಚಾರಕ. ಹಳೆ ಟ್ಯಾಂಕು ಎತ್ತಿದೆವು. ಕಪ್ಪಾದ ಮಣ್ಣನ್ನು ಅಗೆದು ತಾಡಪತ್ರಿಯ ಮೇಲೆ ಹರವಿ, ವಾಸನೆ ಹೋಗಲೆಂದು ಬಿಸಿಲಿಗೆ ತಿರುವಿ ಹಾಕಿದೆವು. ಕೊಳವೆ ಇಳಿಸಿ ನೀರೆತ್ತಿ, ಮೇಲೆ ತೇಲುವ ಡೀಸೆಲನ್ನು ಬೇರೆ ಮಾಡಿದೆವು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಬಾವಿಯ ವಾಸನೆ ಕಡಿಮೆಯಾಯಿತು, ಹೋಗಲಿಲ್ಲ. ಇನ್ನೂ ಒಂದು ವರ್ಷ ನೀರೆತ್ತಬೇಕಿತ್ತು.

ಮಾಲೀಕನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬಾವಿಯ ನೀರು ಶುದ್ಧವೆಂದು ಬಳ್ಳಾರಿಯ ಪ್ರಯೋಗಾಲಯ ಬರೆದುಕೊಟ್ಟರೆ ಅವನ ಖರ್ಚೆಲ್ಲ ನಿಲ್ಲುತ್ತಿತ್ತು. ಗುತ್ತಿಗೆದಾರ ನನ್ನನ್ನು ಪಕ್ಕಕ್ಕೆ ಕರೆದು, “ಕಾಲುವಿ ನೀರು ತುಂಬ್ಕೊಂಡು ಹೋಗಪಾ. ಬಾಟ್ಲಿ ಮ್ಯಾಲೆ ಬಾವಿ ಅಂತ ಬರಿ, ಮುಗೀತು” ಎಂದ. ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಕೆಲಸ ಹೋದರೆ ಎಂಬ ಪುಕ್ಕಲುತನ. ಅದನ್ನು ನೆನೆದರೆ ಮಾಲೀಕನಿಗಿಂತ ನನ್ನ ಮೇಲೇ ಹೆಚ್ಚು ಕೋಪ ಬರುತ್ತದೆ.

ಬೆಳಿಗ್ಗೆ ಕಮಲಾಪುರದ ಕಡೆಯ ಕಾಲುವೆಗೆ ಹೋದೆ. ಹೊಸ ಗಾಜಿನ ಬಾಟಲಿ ಎರಡು. ಮೂರು ಸಲ ತೊಳೆದೆ. ಅದೇ ಜಾಗದಲ್ಲಿ ಬೊಗಸೆ ನೀರು ಕುಡಿದೆ, ಸಿಹಿಯಾಗಿತ್ತು. ಕತ್ತಿನ ತನಕ ತುಂಬಿ, ಮುಚ್ಚಳ ಬಿಗಿದು, ಟೇಪು ಸುತ್ತಿ, ಟೇಪಿನ ಮೇಲೆ ಸಹಿ ಹಾಕಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟೆ.

ಕಾಗದಪತ್ರ ಬಂಕಿನಲ್ಲಿ ಉಳಿದಿದ್ದವು. ತರಲು ಹೋದಾಗ ಹುಲಿಗೆಮ್ಮ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಓಡಿ ಬಂದಳು.

“ಯಣ್ಣಾ, ನಮ್ಮ ಬಾವಿ ನೀರಾ ಇದು?”

“ಹೌದ್ರಿ” ಎಂದೆ.

“ಒಂದೀಟು ನಿಂದ್ರು.”

ಒಳಗೆ ಹೋಗಿ ಅರಿಶಿನ, ಕುಂಕುಮ, ಎರಡು ಕನಕಾಂಬರ ತಂದಳು. ನಮ್ಮ ಕಡೆ ಹೊಸ ಬೋರಿನಲ್ಲಿ ನೀರು ಬಿದ್ದರೆ ಗಂಗಮ್ಮನಿಗೆ ಪೂಜೆ ಮಾಡುವುದುಂಟು. ಆಕೆ ಆ ಡಬ್ಬಿಗೇ ಮಾಡಿದಳು. ಮಕ್ಕಳಿಬ್ಬರಿಂದಲೂ ಕೈ ಮುಗಿಸಿದಳು. “ಗಂಗವ್ವಾ, ಇದ್ದದ್ದು ಇದ್ದಂಗ ಹೇಳಿ ಬಾರವ್ವಾ” ಎಂದಳು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಳ್ಳಾರಿಗೆ ಬಸ್ಸಿನಲ್ಲಿ ಹೋದೆ. ಕೆಳಗಿಡಲಿಲ್ಲ, ಯಾರ ಕೈಗೂ ಕೊಡಲಿಲ್ಲ. ಪ್ರಯೋಗಾಲಯದವನು ನನ್ನೆದುರೇ ಟೇಪು ನೋಡಿದ, ಸಹಿ ಹರಿದಿರಲಿಲ್ಲ. ಕತ್ತರಿಸಿ ಮುಚ್ಚಳ ತೆಗೆದ. ಕೋಣೆಯ ತುಂಬ ಡೀಸೆಲ್ ವಾಸನೆ. ನೀರಿನ ಮೇಲೆ ಒಂದು ಬೆರಳು ದಪ್ಪ ಎಣ್ಣೆ ನಿಂತಿತ್ತು. ಎರಡನೆಯದರಲ್ಲೂ ಅಷ್ಟೇ.

“ಏನ್ರೀ ಇದು, ಸೀದಾ ಪಂಪಿಂದ ಹಿಡ್ಕೊಂಡು ಬಂದೀರೇನು?” ಎಂದು ಆತ ನಕ್ಕ. ನಾನು ಕತ್ತರಿಸಿದ ಟೇಪು ಎತ್ತಿಕೊಂಡು ನನ್ನ ಸಹಿಯನ್ನು ಮತ್ತೊಮ್ಮೆ ನೋಡಿದೆ.

ಬೇಕಾದಷ್ಟು ಕಾರಣ ಹುಡುಕಿದ್ದೇನೆ. ಕೈಗೆ ಡೀಸೆಲ್ ಹತ್ತಿದ್ದರೆ ವಾಸನೆ ಬಂದೀತು, ಬೆರಳು ದಪ್ಪ ಎಣ್ಣೆ ಬಾರದು. ಬಾಟಲಿ ಬದಲಾಗಿದ್ದರೆ ಸಹಿ ಯಾರದ್ದು? ಗುತ್ತಿಗೆದಾರನಂತೂ ಒಂದೇ ಮಾತಿನಲ್ಲಿ ತೀರ್ಮಾನಿಸಿದ: “ಆಕಿ ಕಡೆ ಸೇರ್ಕೊಂಡು ಬಾವಿ ನೀರೇ ತುಂಬೀದಿ, ಕಳ್ಳ ಲೇ ನೀನು!” ಕಾಲುವೆಯ ನೀರೇ ಎಂದು ಆಣೆ ಮಾಡಿದೆ. ಮೋಸ ಮಾಡಿದ್ದೇನೆಂದು ಆಣೆ ಮಾಡಿ ಹೇಳಿದರೂ ಆ ಮೋಸಗಾರರು ನಂಬಲಿಲ್ಲ. ಅಂದೇ ನನ್ನನ್ನು ಕೆಲಸದಿಂದ ಬಿಡಿಸಿದರು.

ಮುಂದಿನ ಸಲ ಬೇರೆಯವನು ಬಾಟಲಿ ಒಯ್ದ. ಎಲ್ಲಿಯ ನೀರೋ ದೇವರೇ ಬಲ್ಲ, ಹುಲಿಗೆಮ್ಮನಿಗೆ ತಿಳಿಯದಂತೆ ಒಯ್ದಿದ್ದರು. ವರದಿ ಶುದ್ಧವೆಂದು ಬಂತು. ಟ್ಯಾಂಕರ್ ನಿಂತಿತು. ಬಂಕಿನ ಗುಂಡಿಗೆ ಗಣಿಯ ಕೆಂಪು ಮಣ್ಣು ಸುರಿದು ಸಿಮೆಂಟು ಬಳಿದರು. ಲಾರಿಗಳು ಮತ್ತೆ ಸಾಲು ನಿಂತವು.

ಸುದ್ದಿ ಕೇಳಿ ನಾನು ಹೋದೆ. ಹುಲಿಗೆಮ್ಮ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ ತಂದು ನನ್ನ ಕೈಗಿಟ್ಟಳು. “ಕುಡೀಬಹುದು ಅಂತ ಬರ್ದು ಕೊಟ್ಟಾರ. ನಂಗ ಅವ್ರ ಮ್ಯಾಲೆ ನಂಬಿಕಿಲ್ಲ. ನೀ ಹೇಳು, ಹುಡುಗ್ರಿಗೆ ಕುಡಿಸ್ಲಾ?”

ಮೂಸಿ ನೋಡಿದೆ. ವಾಸನೆ ಇತ್ತು. “ಬ್ಯಾಡ್ರಿ” ಎಂದು ತಂಬಿಗೆಯನ್ನು ಅಲ್ಲೇ ಬಗ್ಗಿಸಿದೆ.

ಆಕೆ ಕಣ್ಣೊರೆಸಿಕೊಂಡು, “ಇಷ್ಟು ಮಂದ್ಯಾಗ ನಮ್ಮ ಬಾವಿ ನೀರು ಖರೇ ಒಯ್ದಾಂವ ನೀ ಒಬ್ನೇ ಯಣ್ಣಾ” ಎಂದಳು.

ಬಾಟಲಿ ಒಯ್ದ ಆ ದಿನ ನಾನು ಆಕೆಯ ಬಾವಿಯ ಹತ್ತಿರಕ್ಕೂ ಹೋಗಿರಲಿಲ್ಲ.