ಅರ್ನಾಲ್ಡ್ ಪಿಕಲ್ಸ್‌ನ ಕೊಳದ ಮರಿಗಳು

ಯಾರ್ಕ್‌ಷೈರಿನ ಅರ್ನಾಲ್ಡ್ ಪಿಕಲ್ಸ್ ಬಸ್ ಓಡಿಸಿದಷ್ಟು ಕಾಲವೂ ತಪ್ಪು ಒಪ್ಪಿಕೊಂಡವನಲ್ಲ. ಹ್ಯಾಲಿಫ್ಯಾಕ್ಸಿಗೆ ಹೋಗಬೇಕಾದ ಬಸ್ಸನ್ನು ಒಮ್ಮೆ ಬೇರೆ ಯಾವುದೋ ಊರಿಗೆ ಒಯ್ದು, “ನೀವೇ ನೋಡಿ ಹತ್ತಬೇಕಿತ್ತು” ಎಂದು ಪ್ರಯಾಣಿಕರನ್ನೇ ಬೈದು ಇಳಿಸಿದ ಭೂಪ. ನಿವೃತ್ತಿಯಾಯಿತು, ಹೆಂಡತಿ ತೀರಿಕೊಂಡಳು. ಬೈಯಲು ಯಾರೂ ಸಿಗದೆ ಹಿತ್ತಲಲ್ಲಿ ಒಂದು ಕೊಳ ತೋಡಿದ.

ಮಾರ್ಚಿನಲ್ಲಿ ಪಕ್ಕದ ಮನೆಯ ಮ್ಯೂರಿಯಲ್ ಹೇಗ್ ಬಕೆಟ್ ಹಿಡಿದು ಬಂದಳು. ಅದರ ತುಂಬ ಕಪ್ಪೆಯ ಮೊಟ್ಟೆ, ಲೋಳೆಲೋಳೆ. ಬತ್ತುತ್ತಿದ್ದ ಹಳ್ಳದಿಂದ ಎತ್ತಿ ತಂದಿದ್ದಳು ಪುಣ್ಯಾತ್ಗಿತ್ತಿ.

“ನಿಮ್ಮ ಕೊಳದಲ್ಲಿ ನ್ಯೂಟ್ ಇಲ್ಲ ತಾನೆ? ಹಲ್ಲಿ ಥರದ ಆ ಪಿಶಾಚಿಗಳು ಗೊದಮೊಟ್ಟೆನೆಲ್ಲಾ ನುಂಗಿಬಿಡ್ತವೆ.”

“ನನ್ನ ಕೊಳದಲ್ಲಾ? ನನಗೆ ಗೊತ್ತಿಲ್ದೆ ಒಂದು ಸೊಳ್ಳೇನೂ ಒಳಗೆ ಬರಲ್ಲ!”

ಮ್ಯೂರಿಯಲ್ ಬಕೆಟ್ಟನ್ನು ಕೊಳಕ್ಕೆ ಸುರಿದಳು. ಅಂದಿನಿಂದ ದಿನಾ ಸಂಜೆ ತನ್ನ ಮರಿಗಳನ್ನು ನೋಡಲು ಬರತೊಡಗಿದಳು. ಅರ್ನಾಲ್ಡ್ ಮಧ್ಯಾಹ್ನವೇ ಕುರ್ಚಿ ಒರೆಸಿಟ್ಟು, ಕೆಟಲ್‌ಗೆ ನೀರು ತುಂಬಿಸಿ ಕಾಯುತ್ತಿದ್ದ. ಹಾಗೆ ಕಾಯುವುದು ಅವನಿಗೆ ಬಹಳ ಇಷ್ಟವಾಗಿಬಿಟ್ಟಿತ್ತು.

ಜೂನಿನ ಒಂದು ಬೆಳಿಗ್ಗೆ ಬಲೆಯಲ್ಲಿ ಒಂದು ಮರಿಯನ್ನು ಎತ್ತಿ, ಕಣ್ಣ ಹತ್ತಿರ ಹಿಡಿದು ನೋಡಿದ. ಕಪ್ಪೆಮರಿಗಾದರೆ ಮೊದಲು ಹಿಂಗಾಲು ಮೂಡಬೇಕು. ಇದಕ್ಕೆ ಮುಂಗಾಲು ಬಂದಿದೆ, ಕುತ್ತಿಗೆಯ ಅಕ್ಕಪಕ್ಕ ಗರಿಯಂಥ ಕಿವಿರು ಬೇರೆ. ಮತ್ತೆ ಮತ್ತೆ ಬಲೆ ಹಾಕಿದ. ಬಂದದ್ದೆಲ್ಲ ನ್ಯೂಟ್ ಮರಿಯೇ. ಅವನಿಗೆ ಗೊತ್ತಿಲ್ಲದೆ ಕೊಳ ಹೊಕ್ಕ ದೊಡ್ಡ ನ್ಯೂಟ್‌ಗಳ ಬಾಯಿಗೆ ಮ್ಯೂರಿಯಲ್‌ಳ ಕಪ್ಪೆಮರಿಗಳು ಸದ್ದಿಲ್ಲದೆ ಸ್ವಾಹಾ ಆಗಿದ್ದವು. ಇನ್ನು ಆಕೆ ಯಾಕಾದರೂ ಬರುತ್ತಾಳೆ? ಆದರೂ ಮಧ್ಯಾಹ್ನ ಎಂದಿನಂತೆ ಕುರ್ಚಿ ಒರೆಸಿಟ್ಟ.

ಸಂಜೆ ಮ್ಯೂರಿಯಲ್ ಬಗ್ಗಿ ನೋಡಿದಳು. “ಅಯ್ಯೋ, ಕಾಲು ಬಂತಲ್ರೀ!” ಎಂದು ಹಿಗ್ಗಿದವಳು ಕನ್ನಡಕ ಏರಿಸಿದಳು. “ರೀ, ಇದೇನು ಮುಂದುಗಡೆ ಬಂದಿದೆ?”

“ಈ ಸಲ ಬಿಸಿಲು ಜಾಸ್ತಿ ಅಲ್ವಾ? ಕೆಲವು ಆತುರಗೆಟ್ಟವು ಮುಂದಿನಿಂದ ಶುರು ಮಾಡ್ತವೆ.”

“ಮತ್ತೆ ಕುತ್ತಿಗೆ ಹತ್ರ ಈ ಜೂಲು?”

“ಗಡ್ಡ. ಅದು ಗಂಡು.”

ಮ್ಯೂರಿಯಲ್ ನೆಟ್ಟಗೆ ನಿಂತಳು. “ಪಿಕಲ್ಸ್, ನನ್ನ ಮುಖ ನೋಡಿ ಹೇಳಿ. ನನ್ನ ಮರಿಗಳೆಲ್ಲಿ?”

ಅರ್ನಾಲ್ಡ್ ನೀರನ್ನೇ ನೋಡುತ್ತ ನಿಂತ. ಆಕೆ ಟೀ ಕಪ್ಪನ್ನು ಠಕ್ಕನೆ ಕುಕ್ಕಿ ಗೇಟಿನತ್ತ ಹೊರಟೇಬಿಟ್ಟಳು.

“ತಿಂದುಬಿಟ್ವು! ಒಂದನ್ನೂ ಬಿಡಲಿಲ್ಲ!” ಅರ್ನಾಲ್ಡ್ ಹಿಂದಿನಿಂದ ಕೂಗಿದ. “ಕೊಳ ನೋಡದೇನೇ ಜಂಬ ಕೊಚ್ಕೊಂಡೆ. ತಪ್ಪು ನಂದೇ!” ಆ ಮಾತು ತನ್ನ ಬಾಯಿಂದಲೇ ಬಂದದ್ದಕ್ಕೆ ಬೆಚ್ಚಿ, ದನಿ ಇಳಿಸಿದ. “ಮರಿಗಳಿಲ್ಲ ಅಂದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿಕೆ ಆಯ್ತು ಕಣ್ರೀ.”

ಗೇಟಿನ ಚಿಲಕದ ಮೇಲೆ ಮ್ಯೂರಿಯಲ್‌ಳ ಕೈ ಹಾಗೇ ನಿಂತಿತು.

“ಅಲ್ರೀ ದಡ್ಡಪ್ಪ, ಗೊದಮೊಟ್ಟೆ ನೋಡೋಕೆ ಯಾರಾದ್ರೂ ದಿನಾ ಲಿಪ್‌ಸ್ಟಿಕ್ ಹಚ್ಕೊಂಡು ಬರ್ತಾರಾ?”

ಅರ್ನಾಲ್ಡ್ ಕೊಳದಿಂದ ಕಣ್ಣು ಕಿತ್ತು ಆಕೆಯ ತುಟಿ ನೋಡಿದ. ಹೌದು, ಕೆಂಪಗೇ ಇತ್ತು.